ಪುಟ್ಟಸ್ವಾಮಿಯವರು ಗೆದ್ದ ಖಾಸಗಿತನದ ಹಕ್ಕು ಮೈಸೂರು, ಮಂಡ್ಯದಲ್ಲಿ ಎಷ್ಟು ಉಳಿದಿದೆ?

ಕರ್ನಾಟಕದಲ್ಲಿ ಆಧಾರ್ ಮೊದಲು ಶುರುವಾಗಿದ್ದೇ ನಮ್ಮ ಕಡೆ. 2010ರಲ್ಲಿ ಪ್ರಾಯೋಗಿಕ ನೋಂದಣಿಗೆ ರಾಜ್ಯದಲ್ಲಿ ಆರಿಸಿದ ಜಿಲ್ಲೆಗಳು ಮೈಸೂರು ಮತ್ತು ತುಮಕೂರು. ಜನ ಸಾಲಿನಲ್ಲಿ ನಿಂತು ಹತ್ತೂ ಬೆರಳು, ಎರಡೂ ಕಣ್ಣು ಕೊಟ್ಟು ಬಂದರು. 2013ರಲ್ಲಿ ಸಿಲಿಂಡರ್ ಸಬ್ಸಿಡಿಯನ್ನು ಆಧಾರ್ ಮೂಲಕ ಬ್ಯಾಂಕ್ ಖಾತೆಗೆ ಹಾಕುವ ಯೋಜನೆ ಬಂತಲ್ಲ, ಅದರ ಮೊದಲ ಪಟ್ಟಿಯಲ್ಲೂ ಮೈಸೂರು ಇತ್ತು. ಇಷ್ಟೆಲ್ಲ ನಡೆಯುವಾಗ ಆಧಾರ್‌ಗೆ ಒಂದು ಕಾನೂನೇ ಇರಲಿಲ್ಲ. ಆಧಾರ್ ಕಾಯ್ದೆ ಬಂದಿದ್ದು 2016ರಲ್ಲಿ.

ಇದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದವರು. ಆಗ ಅವರಿಗೆ 86 ವರ್ಷ. ಅವರ ಪ್ರಶ್ನೆ ತುಂಬಾ ಸರಳವಾಗಿತ್ತು. ಸಂಸತ್ತಿನಲ್ಲಿ ಮಸೂದೆ ಇನ್ನೂ ಪಾಸಾಗಿಲ್ಲ, ಬರೀ ಸರ್ಕಾರಿ ಆದೇಶ ಇಟ್ಟುಕೊಂಡು ಕೋಟಿಗಟ್ಟಲೆ ಜನರ ಬೆರಳಚ್ಚು ತೆಗೆದುಕೊಳ್ಳಲು ನಿಮಗೆ ಅಧಿಕಾರ ಕೊಟ್ಟವರು ಯಾರು? 2024ರ ಅಕ್ಟೋಬರ್‌ನಲ್ಲಿ 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಈ ದೇಶದ ಯಾವ ಕೋರ್ಟಿನಲ್ಲಿ ಖಾಸಗಿತನದ ಮಾತು ಬಂದರೂ ಇವತ್ತು ಮೊದಲು ಹೇಳುವುದು ಅವರ ಹೆಸರಿನ ಪ್ರಕರಣವನ್ನೇ. ಮೈಸೂರಿನ ಮಕ್ಕಳಿಗೆ ಈ ಹೆಸರು ಶಾಲೆಯಲ್ಲೇ ಗೊತ್ತಾಗಬೇಕು ಅಂತ ನನಗೆ ಅನಿಸುತ್ತದೆ.

ಆ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕೇ ಎಂದು ತೀರ್ಮಾನಿಸಲು ಸುಪ್ರೀಂ ಕೋರ್ಟಿನ ಒಂಬತ್ತು ಜನ ನ್ಯಾಯಮೂರ್ತಿಗಳು ಕೂರಬೇಕಾಗಿ ಬಂದದ್ದು ಏಕೆ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 2015ರಲ್ಲಿ ಕೇಂದ್ರ ಸರ್ಕಾರದ ಪರವಾಗಿ ಅಟಾರ್ನಿ ಜನರಲ್ ಮುಕುಲ್ ರೋಹಟಗಿ ಒಂದು ವಾದ ಮುಂದಿಟ್ಟರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ, ಬೇಕಾದರೆ ಹಳೆಯ ತೀರ್ಪು ನೋಡಿ ಅಂದರು. ಅವರು ತೋರಿಸಿದ ತೀರ್ಪುಗಳು ಸುಳ್ಳಲ್ಲ. 1954ರಲ್ಲಿ ಎಂಟು ನ್ಯಾಯಮೂರ್ತಿಗಳ ಪೀಠ, 1962ರಲ್ಲಿ ಖರಕ್ ಸಿಂಗ್ ಪ್ರಕರಣದಲ್ಲಿ ಆರು ನ್ಯಾಯಮೂರ್ತಿಗಳ ಪೀಠ, ಈ ಎರಡೂ ಪೀಠಗಳು ಸಂವಿಧಾನದಲ್ಲಿ ಇಂಥ ಹಕ್ಕು ಇಲ್ಲ ಎಂಬ ಅರ್ಥದ ಮಾತು ಬರೆದಿದ್ದವು. ಎಂಟು ಜನರ ತೀರ್ಪನ್ನು ಬದಲಿಸಲು ಅದಕ್ಕಿಂತ ದೊಡ್ಡ ಪೀಠವೇ ಬೇಕಿತ್ತು.

ಖರಕ್ ಸಿಂಗ್ ಕಥೆ ಎಲ್ಲರಿಗೂ ಗೊತ್ತಿರಬೇಕು. ಉತ್ತರ ಪ್ರದೇಶದ ಈ ಮನುಷ್ಯನ ಮೇಲೆ ದರೋಡೆ ಆರೋಪ ಬಂದಿತ್ತು, ಸಾಕ್ಷಿ ಇಲ್ಲದೆ ಬಿಡುಗಡೆಯೂ ಆಗಿತ್ತು. ಆದರೂ ಪೊಲೀಸರು ಅವನ ಹೆಸರಲ್ಲಿ ರೌಡಿ ಪಟ್ಟಿಯಂಥ ಒಂದು ಹಾಳೆ ತೆರೆದು, ರಾತ್ರಿ ಹೊತ್ತು ಮನೆ ಬಾಗಿಲು ಬಡಿದು, ಮಲಗಿದ್ದವನನ್ನು ಎಬ್ಬಿಸಿ, ಇದ್ದಾನೋ ಇಲ್ಲವೋ ನೋಡಿಕೊಂಡು ಹೋಗುತ್ತಿದ್ದರು. ಕೋರ್ಟ್ ರಾತ್ರಿ ಭೇಟಿಯನ್ನು ಮಾತ್ರ ರದ್ದು ಮಾಡಿತು. ಅವನು ಎಲ್ಲಿ ಹೋಗುತ್ತಾನೆ, ಯಾರನ್ನು ನೋಡುತ್ತಾನೆ ಎಂದು ಹಿಂದೆ ಬಿದ್ದು ಬರೆದುಕೊಳ್ಳುವುದು ತಪ್ಪಲ್ಲ ಅಂದಿತು. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಹೆಜ್ಜೆ ಹೆಜ್ಜೆಗೂ ಯಾರೋ ನೋಡುತ್ತಾ ಬರೆದುಕೊಳ್ಳುತ್ತಿದ್ದರೆ ದೇಹ ಓಡಾಡಬಹುದು, ಆದರೆ ಆ ಓಡಾಟದಲ್ಲಿ ಸ್ವಾತಂತ್ರ್ಯ ಇರುವುದಿಲ್ಲ ಎಂಬುದು ಅವರ ವಾದದ ಸಾರ. ಕೈಯಲ್ಲಿ ಮೊಬೈಲ್ ಇರುವ ಈ ಕಾಲಕ್ಕೆ ಆ ಮಾತು ಇನ್ನೂ ಜಾಸ್ತಿ ಹೊಂದುತ್ತದೆ.

ಸುಬ್ಬರಾವ್ ಅವರ ದಾರಿಯೇ ಸರಿ ಅಂತ ಕೋರ್ಟಿಗೆ ಪೂರ್ತಿ ಒಪ್ಪಿಗೆಯಾಗಲು ಅರ್ಧ ಶತಮಾನಕ್ಕಿಂತ ಜಾಸ್ತಿ ಬೇಕಾಯಿತು. ನಡುವೆ ಚಿಕ್ಕ ಪೀಠಗಳು ಅಲ್ಲೊಂದು ಇಲ್ಲೊಂದು ಹಕ್ಕು ಕಟ್ಟುತ್ತಾ ಬಂದವು. ಅದರಲ್ಲಿ ಕರ್ನಾಟಕದ ಪಾಲೂ ಇದೆ. ಫೋನ್ ಕದ್ದಾಲಿಕೆ ಆರೋಪದ ಮೇಲೆ 1988ರಲ್ಲಿ ಮುಖ್ಯಮಂತ್ರಿ ಸ್ಥಾನಕ್ಕೆ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟಿದ್ದು ಹಿರಿಯರಿಗೆ ನೆನಪಿರುತ್ತದೆ. ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ಕಟ್ಟುಪಾಡು ಹಾಕಿದ್ದು ಅದಾದ ಮೇಲೆ, 1996ರಲ್ಲಿ. 2010ರ ಸೆಲ್ವಿ ಪ್ರಕರಣವೂ ಕರ್ನಾಟಕ ಸರ್ಕಾರದ ವಿರುದ್ಧದ್ದೇ. ಆರೋಪಿಗೆ ಚುಚ್ಚುಮದ್ದು ಕೊಟ್ಟು ಬಾಯಿ ಬಿಡಿಸುವ ನಾರ್ಕೋ ಪರೀಕ್ಷೆಯನ್ನು ಅವನ ಒಪ್ಪಿಗೆ ಇಲ್ಲದೆ ಮಾಡುವ ಹಾಗಿಲ್ಲ ಎಂದು ಕೋರ್ಟ್ ಹೇಳಿತು. ತಲೆಯೊಳಗೆ ಇರುವುದು ಅವನದೇ.

2017ರ ಆಗಸ್ಟ್ 24ರಂದು ಒಂಬತ್ತು ಜನ ಒಮ್ಮತದಿಂದ ತೀರ್ಪು ಕೊಟ್ಟರು. ಖಾಸಗಿತನ ಮೂಲಭೂತ ಹಕ್ಕು, ಅದು 21ನೇ ವಿಧಿಯ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದಲ್ಲೇ ಸೇರಿದೆ, ಬೇರೆ ಮೂಲಭೂತ ಹಕ್ಕುಗಳಲ್ಲೂ ಹರಡಿಕೊಂಡಿದೆ. 547 ಪುಟ, ಆರು ಪ್ರತ್ಯೇಕ ಬರಹ. ತುರ್ತುಪರಿಸ್ಥಿತಿಯಲ್ಲಿ ಜನರ ಹಕ್ಕನ್ನು ಕೈಬಿಟ್ಟ 1976ರ ಜಬಲ್ಪುರ ತೀರ್ಪನ್ನೂ ಇದೇ ತೀರ್ಪಿನಲ್ಲಿ ತೆಗೆದುಹಾಕಿದರು. ಆ ಹಳೆಯ ಬಹುಮತದಲ್ಲಿ ವೈ.ವಿ. ಚಂದ್ರಚೂಡ್ ಇದ್ದರು. ಅದು ತಪ್ಪು ಎಂದು ಬರೆದಿದ್ದು ಅವರ ಮಗ ಡಿ.ವೈ. ಚಂದ್ರಚೂಡ್.

ಈ ಹಕ್ಕಿಗೆ ಮಿತಿ ಇಲ್ಲ ಅಂತ ಕೋರ್ಟ್ ಹೇಳಲಿಲ್ಲ. ಸರ್ಕಾರ ನಿಮ್ಮ ಬದುಕಿನೊಳಗೆ ಕೈ ಹಾಕಬಹುದು, ಆದರೆ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಇದಕ್ಕೆ ಕಾನೂನು ಇದೆಯಾ? ಉದ್ದೇಶ ನ್ಯಾಯವಾದದ್ದಾ? ಆ ಉದ್ದೇಶಕ್ಕೆ ಇಷ್ಟೆಲ್ಲಾ ಬೇಕಾ, ಕಡಿಮೆ ಕೇಳಿ ಕೆಲಸ ಮುಗಿಸಲು ಆಗಲ್ವಾ? ದುರುಪಯೋಗ ತಡೆಯಲು ಏನು ವ್ಯವಸ್ಥೆ ಇದೆ ಎಂಬ ಪ್ರಶ್ನೆಯನ್ನು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಸೇರಿಸಿದರು. ಇವು ವಕೀಲರಿಗಷ್ಟೇ ಎಂದು ಬಿಟ್ಟುಬಿಡುವ ಪ್ರಶ್ನೆಗಳಲ್ಲ. ಯಾವ ಕಚೇರಿಯ ಕಿಟಕಿಯ ಮುಂದೆ ನಿಂತವರೂ ಕೇಳಬಹುದಾದವು. ಕೇಳುವ ಧೈರ್ಯ ಯಾರಿಗಿದೆ, ಕೇಳಿದರೆ ಯಾರಿಗೆ ಏನು ತಪ್ಪಿಹೋಗುತ್ತದೆ ಎಂಬುದರ ಮೇಲೇ ಈ ಹಕ್ಕಿನ ಬೆಲೆ ನಿಂತಿದೆ.

ಖಾಸಗಿತನ ಪೇಟೆಯವರ, ದುಡ್ಡಿದ್ದವರ ಖಯಾಲಿ, ಬಡವನಿಗೆ ಬೇಕಾದ್ದು ಅನ್ನ ಎಂಬ ಮಾತು ಕೋರ್ಟಿನಲ್ಲೂ ಬಂತು, ನಮ್ಮ ಊರುಗಳಲ್ಲೂ ಬರುತ್ತದೆ. ಹಳ್ಳಿಯಲ್ಲಿ ಎಲ್ಲರ ಮನೆ ವಿಷಯ ಎಲ್ಲರಿಗೂ ಗೊತ್ತು, ಮುಚ್ಚಿಡುವುದಕ್ಕೆ ಏನಿದೆ ಅಂತಾರೆ. ನಿಜಕ್ಕೂ ಹಾಗಾ? ಮಂಡ್ಯ ಕಡೆಯ ಯಾವ ಹಳ್ಳಿಗೆ ಹೋದರೂ ಕುಡುಕ ಗಂಡನ ಕಣ್ಣಿಗೆ ಬೀಳದ ಹಾಗೆ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಟ್ಟ ಹೆಂಗಸು ಸಿಗುತ್ತಾಳೆ. ಸ್ತ್ರೀಶಕ್ತಿ ಸಂಘದಲ್ಲಿ ಎಷ್ಟು ಸಾಲ ಇದೆ ಅಂತ ಅತ್ತೆಗೆ ಹೇಳದವಳು ಸಿಗುತ್ತಾಳೆ. ಮಗಳ ಹೊಟ್ಟೆನೋವಿಗೆ ಪಕ್ಕದ ಊರಿನ ಡಾಕ್ಟರ ಹತ್ತಿರ ಹೋಗುವ ತಾಯಿ, ಊರಿನವರಿಗೆ ಗೊತ್ತಾದರೆ ಮದುವೆಗೆ ತೊಂದರೆ ಎಂಬ ಭಯದಿಂದಲೇ ಹೋಗುತ್ತಾಳೆ. ಎಲ್ಲರ ಕಣ್ಣು ಇರುವ ಕಡೆ ಬದುಕುವವರಿಗೇ ಇದು ಜಾಸ್ತಿ ಬೇಕು.

ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕಿದ ದಲಿತರನ್ನು, ಮುಸ್ಲಿಮರನ್ನು ಕೇಳಿ ನೋಡಿ. ಗೇಟಿನಲ್ಲಿ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ. ಯಾವ ಕಡೆಯವರು, ಯಾವ ಜನ, ಮನೇಲಿ ಏನು ಅಡುಗೆ ಮಾಡ್ತೀರಾ. ಉತ್ತರ ಕೊಟ್ಟ ಮೇಲೆ ಮನೆ ಇದ್ದಕ್ಕಿದ್ದಂತೆ ಬೇರೆಯವರಿಗೆ ಕೊಟ್ಟಾಗಿರುತ್ತದೆ. ಇವರಿಗೆ ಖಾಸಗಿತನ ಎಂದರೆ ತಲೆ ಮೇಲೊಂದು ಸೂರು. ಬಡವರಿಗೆ ಹಕ್ಕುಗಳಿಗಿಂತ ಹೊಟ್ಟೆಪಾಡು ಮೊದಲು ಎಂಬ ವಾದವನ್ನು 2017ರ ತೀರ್ಪು ನೇರವಾಗಿ ತಳ್ಳಿಹಾಕಿದ್ದು ನನಗೆ ಆ ತೀರ್ಪಿನ ದೊಡ್ಡ ಮಾತು ಅನಿಸುವುದು ಇದಕ್ಕೇ.

ಆದರೆ ಮುಂದಿನ ವರ್ಷವೇ ಕೋರ್ಟ್ ಒಂದು ಹೆಜ್ಜೆ ಹಿಂದೆ ಇಟ್ಟಿತು. 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪು. ಐವರ ಪೀಠದಲ್ಲಿ ನಾಲ್ವರು ಕಾಯ್ದೆಯನ್ನು ಎತ್ತಿಹಿಡಿದರು. ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಜೋಡಣೆ ಕಡ್ಡಾಯ ಮಾಡುವಂತಿಲ್ಲ, ಶಾಲೆ ಸೇರಿಸಲು ಕಡ್ಡಾಯ ಅಲ್ಲ ಅಂದರು. ಪಾನ್ ಕಾರ್ಡಿಗೆ ಬೇಕು ಅಂದರು. ಸರ್ಕಾರದ ಸಬ್ಸಿಡಿ, ಪಡಿತರಕ್ಕೂ ಕೇಳಬಹುದು ಅಂದರು. ಅಂದರೆ ಬ್ಯಾಂಕಿನಲ್ಲಿ ಲಕ್ಷ ಇಟ್ಟವನು ಆಧಾರ್ ಕೊಡಲ್ಲ ಎನ್ನಬಹುದು, ಪಾಸ್‌ಪೋರ್ಟ್ ತೋರಿಸಬಹುದು. ಸೊಸೈಟಿ ಅಕ್ಕಿಗೆ ನಿಂತವಳು ಹಾಗೆ ಅನ್ನಲಾರಳು. ಬೆರಳು ಒತ್ತಿದರೆ ಅಕ್ಕಿ, ಇಲ್ಲದಿದ್ದರೆ ನಾಳೆ ಬಾ.

ಕಬ್ಬು ಕಡಿಯುವವರ, ಭತ್ತ ನಾಟಿ ಮಾಡುವವರ, ಪಾತ್ರೆ ತೊಳೆದು ಬದುಕುವವರ ಬೆರಳ ಗೆರೆ ಸವೆದಿರುತ್ತದೆ. ಒರೆಸಿ, ಒದ್ದೆ ಮಾಡಿ, ಮತ್ತೆ ಒರೆಸಿ ಒತ್ತಿದರೂ ಮಿಷನ್ ತಂಬ್ ತಗೊಳ್ಳಲ್ಲ. ಬೆರಳಚ್ಚು ಹೊಂದದ ಕಾರಣಕ್ಕೆ ಅರ್ಹರನ್ನು ಹೊರಗಿಡಬಾರದು ಎಂದು ಬಹುಮತದ ತೀರ್ಪೂ ಹೇಳಿದೆ. ಆ ಸಾಲನ್ನು ಅಂಗಡಿಯಲ್ಲಿ ಓದಿ ಹೇಳುವವರು ಯಾರು? ಒಬ್ಬರೇ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಚಂದ್ರಚೂಡ್, ಮನುಷ್ಯನ ಘನತೆ ಯಂತ್ರದ ಲೆಕ್ಕಾಚಾರದ ಮೇಲೆ ನಿಲ್ಲಬಾರದು ಎಂಬ ಅರ್ಥದಲ್ಲಿ ಬರೆದರು. ನನ್ನ ಮಟ್ಟಿಗೆ ಸರಿಯಾದ ತೀರ್ಪು ಅದೇ. ಮೂರನೇ ಪ್ರಶ್ನೆಯನ್ನು, ಇಷ್ಟೆಲ್ಲಾ ಬೇಕಾ ಎಂಬುದನ್ನು, ಬಹುಮತ ಬಡವರ ವಿಷಯ ಬಂದಾಗ ಸಡಿಲ ಮಾಡಿತು.

ಬೆರಳು ಎಲ್ಲಿಗೆ ಬೇಕಾದರೂ ಸೋರಬಹುದು ಎಂಬುದು 2023ರಲ್ಲಿ ಕರ್ನಾಟಕಕ್ಕೆ ಕಂಡಿತು. ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಯಿಂದ ಇದ್ದಕ್ಕಿದ್ದಂತೆ ದುಡ್ಡು ಹೋಗತೊಡಗಿತು. ಒಟಿಪಿ ಬಂದಿಲ್ಲ, ಯಾರಿಗೂ ನಂಬರ್ ಹೇಳಿಲ್ಲ. ನೋಂದಣಿ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತು, ಆಧಾರ್ ಸಂಖ್ಯೆ ಎರಡನ್ನೂ ಎತ್ತಿಕೊಂಡು, ಬೆರಳಚ್ಚಿನ ನಕಲು ಮಾಡಿ, ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದಿದ್ದರು. ಪಾಸ್‌ವರ್ಡ್ ಕಳೆದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲು ಆಗಲ್ಲ. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡುವ ಅವಕಾಶ ಇದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೂಡ ಸಿಗುತ್ತದೆ, ಜೆರಾಕ್ಸ್ ಕೇಳಿದ ಕಡೆ ಅದನ್ನೇ ಕೊಡಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಇದೇ ಸಲಹೆ ಕೊಟ್ಟಿತ್ತು. ಜನ ತಪ್ಪು ತಿಳಿಯಬಹುದು ಎಂದು ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಸಲಹೆ ಮಾತ್ರ ಒಳ್ಳೆಯದೇ ಆಗಿತ್ತು.

ಕಳೆದ ವರ್ಷದ ಜಾತಿ ಸಮೀಕ್ಷೆಗೆ ಬರೋಣ. ನಮ್ಮ ಊರಿನಲ್ಲಿ ಖಾಸಗಿತನದ ಬಗ್ಗೆ ಅಷ್ಟು ಮಾತು ಕೇಳಿದ್ದು ಅದೇ ಮೊದಲು. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರು ಮಾಡಿತು. ಅದಕ್ಕೆ ಮುಂಚೆ ಮೀಟರ್ ರೀಡರ್‌ಗಳು ಬಂದು ಮನೆಗಳಿಗೆ ಸ್ಟಿಕ್ಕರ್ ಅಂಟಿಸಿದರು. ಆಮೇಲೆ ಶಾಲಾ ಶಿಕ್ಷಕರು ಬಂದು 60 ಪ್ರಶ್ನೆ ಕೇಳಿದರು. ಹೈಕೋರ್ಟ್ ಸೆಪ್ಟೆಂಬರ್ 25ರಂದು ಸಮೀಕ್ಷೆಗೆ ತಡೆ ಕೊಡಲಿಲ್ಲ, ಆದರೆ ಮಾಹಿತಿ ಕೊಡುವುದು ಜನರ ಇಷ್ಟ, ಇದನ್ನು ಮೊದಲೇ ತಿಳಿಸಬೇಕು, ಒತ್ತಾಯ ಮಾಡಬಾರದು, ಮಾಹಿತಿಯನ್ನು ಗುಟ್ಟಾಗಿಡಬೇಕು ಅಂದಿತು.

ಮೂರು ಪ್ರಶ್ನೆ ಇಟ್ಟು ನೋಡಿ. ಕಾನೂನು ಇದೆ, 1995ರ ಆಯೋಗದ ಕಾಯ್ದೆ. ಉದ್ದೇಶ ನ್ಯಾಯವಾದದ್ದು, ಯಾರ ಮಕ್ಕಳು ಓದಿದ್ದಾರೆ, ಯಾರಿಗೆ ಜಮೀನಿಲ್ಲ ಎಂಬ ಲೆಕ್ಕ ಇಲ್ಲದೆ ಮೀಸಲಾತಿಯ ಮಾತು ಬರೀ ಊಹೆಯಾಗುತ್ತದೆ. ಸಮೀಕ್ಷೆ ಬೇಕೇ ಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಕರಾರು ಇರುವುದು ಮೂರನೆಯದರಲ್ಲಿ. ಸಮಾಜದ ಲೆಕ್ಕ ತೆಗೆಯಲು ಮನೆ ಮನೆಯ ಮೊಬೈಲ್ ನಂಬರ್, ಆಧಾರ್, ಒಟಿಪಿ ಜೋಡಿಸಬೇಕಿತ್ತಾ? ಇನ್ನೊಂದು ವಿಷಯವನ್ನು ಯಾರೂ ಜಾಸ್ತಿ ಹೇಳಲಿಲ್ಲ. ಒತ್ತೊತ್ತಾಗಿ ಮನೆಗಳಿರುವ ಬೀದಿಯಲ್ಲಿ ಬಾಗಿಲಲ್ಲೇ ನಿಲ್ಲಿಸಿ, ಪಕ್ಕದ ಮನೆಯವರು ಕೇಳಿಸಿಕೊಳ್ಳುವ ಹಾಗೆ ಜಾತಿ ಹೇಳಿ ಎಂದರೆ, ಬಾಡಿಗೆ ಮನೆ ಉಳಿಸಿಕೊಳ್ಳಲು ಜಾತಿ ಹೇಳದೆ ಬದುಕುತ್ತಿರುವ ಸಂಸಾರ ಏನು ಮಾಡಬೇಕು? ಮಾಹಿತಿ ಗುಟ್ಟಾಗಿರಬೇಕು ಎಂಬ ಕೋರ್ಟಿನ ಮಾತು ಸರ್ವರ್‌ಗೆ ಹೇಗೋ ಆ ಬಾಗಿಲಿಗೂ ಹಾಗೇ ಅನ್ವಯಿಸಬೇಕು. ಒಳಗೆ ಕರೆದು ಕೂರಿಸಿ ಮೆಲ್ಲಗೆ ಕೇಳಿದ ಮೇಷ್ಟ್ರುಗಳೂ ಇದ್ದರು, ಅವರಿಗೆ ಕಾನೂನು ಯಾರೂ ಹೇಳಿಕೊಡಬೇಕಿರಲಿಲ್ಲ.

ಫೋನ್ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 2021ರಲ್ಲಿ ಹೈದರಾಬಾದಿನಲ್ಲಿ ಪೊಲೀಸರು ರಸ್ತೆಯಲ್ಲಿ ಹುಡುಗರನ್ನು ನಿಲ್ಲಿಸಿ ವಾಟ್ಸಾಪ್‌ನಲ್ಲಿ ಗಾಂಜಾ ಎಂಬ ಪದ ಹುಡುಕುತ್ತಿದ್ದ ವಿಡಿಯೊ ಓಡಾಡಿತು. ಅದೇ ವರ್ಷ ಕರ್ನಾಟಕ ಹೈಕೋರ್ಟ್ ಒಂದು ತೀರ್ಪಿನಲ್ಲಿ ಫೋನ್ ಶೋಧಕ್ಕೂ ಸಾಮಾನ್ಯವಾಗಿ ವಾರಂಟ್ ಬೇಕು, ತುರ್ತು ಇದ್ದರೆ ಕಾರಣ ಬರೆದಿಡಬೇಕು ಎಂದು ಹೇಳಿತು. ನಾಕಾಬಂದಿಯಲ್ಲಿ ಸುಮ್ನೆ ಅನ್‌ಲಾಕ್ ಮಾಡಿ ಕೈಗೆ ಕೊಡುವ ನಮ್ಮ ಹುಡುಗರಿಗೆ ಇದು ಗೊತ್ತಿಲ್ಲ.

ಇನ್ನು ಹೊಸ ಕಾನೂನು. ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು. ಆಸ್ಪತ್ರೆ, ಕೋಚಿಂಗ್ ಸೆಂಟರ್, ಸಾಲದ ಆ್ಯಪ್ ಇವನ್ನೆಲ್ಲ ಹಿಡಿಯಲು ಬೇರೆ ಕಾಯ್ದೆ ಬೇಕಿತ್ತು. ಅದು ಬಂದಿದ್ದು 2023ರ ಆಗಸ್ಟ್‌ನಲ್ಲಿ, ಅಂದರೆ ತೀರ್ಪಿಗೆ ಆರು ವರ್ಷ ಆದ ಮೇಲೆ. ಹೆಸರು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳು ಪಾಲಿಸಬೇಕಾದ ಮುಖ್ಯ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳು, ಅಂದರೆ 2027ರ ಮೇ.

ಇದರಲ್ಲಿ ನಮಗೆ ಒಂದು ಒಳ್ಳೆಯ ಸಂಗತಿ ಇದೆ. ಮಾಹಿತಿ ಏಕೆ ಬೇಕು ಎಂಬ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಿ ಬೇಕಾದರೂ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಓದಲಾಗದ ಇಂಗ್ಲಿಷಿನ ಕೆಳಗೆ ಒಪ್ಪಿದೆ ಅಂತ ಒತ್ತಿಸಿಕೊಳ್ಳುವ ಕಾಲ ಮುಗಿಯಬೇಕು. ನಾವು ಕೇಳದಿದ್ದರೆ ಯಾವ ಕಂಪನಿಯೂ ಇದನ್ನು ಮನಸ್ಸಿಟ್ಟು ಮಾಡಲ್ಲ, ಕನ್ನಡ ಸಂಘಟನೆಗಳು ಅಂಗಡಿ ಬೋರ್ಡಿನ ಜೊತೆ ಇದಕ್ಕೂ ದನಿ ಎತ್ತಬೇಕು.

ತೂತುಗಳೂ ದೊಡ್ಡವು. ಕಾಯ್ದೆ ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ. ಕುವೆಂಪುನಗರದಲ್ಲೋ ಸರಸ್ವತಿಪುರದಲ್ಲೋ ಪಿಜಿ ಸೇರುವ ಹುಡುಗಿಯ ಆಧಾರ್ ಜೆರಾಕ್ಸ್, ಅಪ್ಪನ ನಂಬರ್, ಊರಿನ ವಿಳಾಸ ಎಲ್ಲ ಒಂದು ಲೆಡ್ಜರ್‌ನಲ್ಲಿ ಬಿದ್ದಿರುತ್ತದೆ, ಯಾರು ಬೇಕಾದರೂ ತಿರುವಿ ನೋಡಬಹುದು. ಅದನ್ನು ಸ್ಕ್ಯಾನ್ ಮಾಡುವ ತನಕ, ಫೋಟೊ ತೆಗೆದು ಫೋನಿಗೆ ಹಾಕುವ ತನಕ ಈ ಕಾಯ್ದೆ ಅದನ್ನು ಮುಟ್ಟಲ್ಲ. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು, ಆದರೆ ದುಡ್ಡು ಹೋಗುವುದು ಭಾರತದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಖಜಾನೆಗೆ. ಕಳೆದುಕೊಂಡವರಿಗೆ ಪರಿಹಾರ ಕೊಡಿಸುವ ದಾರಿ ಇದರಲ್ಲಿಲ್ಲ. ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟರೆ ಜನರಿಗೂ 10,000 ರೂಪಾಯಿವರೆಗೆ ದಂಡ ಬೀಳಬಹುದು. ದೂರು ಕೇಳುವ ಮಂಡಳಿಯ ನೇಮಕ ಕೇಂದ್ರ ಸರ್ಕಾರದ ಕೈಯಲ್ಲಿದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಇತ್ಯಾದಿ ಕಾರಣಕ್ಕೆ ತನ್ನ ಯಾವುದೇ ಸಂಸ್ಥೆಯನ್ನು ಕಾಯ್ದೆಯಿಂದ ಹೊರಗಿಡುವ ಅಧಿಕಾರವೂ ಅದೇ ಸರ್ಕಾರಕ್ಕಿದೆ. ಪುಟ್ಟಸ್ವಾಮಿಯವರು ಪ್ರಶ್ನೆ ಕೇಳಿದ್ದು ಯಾರನ್ನೋ ಅವರಿಗೇ ಅತಿ ಅಗಲದ ಬಾಗಿಲು ಸಿಕ್ಕಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವುದು ಇದೇ ಕಾಯ್ದೆಯ 44ನೇ ಸೆಕ್ಷನ್. ಅದು ಮಾಹಿತಿ ಹಕ್ಕು ಕಾಯ್ದೆಯನ್ನು ತಿದ್ದುತ್ತದೆ. ಮುಂಚೆ ಒಬ್ಬರ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಬೇಕಾದರೆ ಅದಕ್ಕೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇಲ್ಲ ಎಂದೋ, ಕೊಟ್ಟರೆ ಆ ವ್ಯಕ್ತಿಯ ಖಾಸಗಿತನಕ್ಕೆ ಅನಗತ್ಯ ಧಕ್ಕೆ ಎಂದೋ ಅಧಿಕಾರಿ ತೋರಿಸಬೇಕಿತ್ತು. ಸಂಸತ್ತಿಗೆ, ವಿಧಾನಸಭೆಗೆ ಇಲ್ಲ ಎನ್ನಲಾಗದ ಮಾಹಿತಿಯನ್ನು ಸಾಮಾನ್ಯ ಮನುಷ್ಯನಿಗೂ ಇಲ್ಲ ಎನ್ನುವಂತಿಲ್ಲ ಎಂಬ ಮಾತೂ ಅಲ್ಲಿತ್ತು. ತಿದ್ದುಪಡಿ ಈ ಎರಡನ್ನೂ ಅಳಿಸಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೂ ಬಂತು. ನೋಡಿ, ಜನರಿಗೆ ರಕ್ಷಣೆ ಕೊಡುವ ಭಾಗಕ್ಕೆ 18 ತಿಂಗಳು ಕಾಯಬೇಕು, ಅಧಿಕಾರಿಗೆ ರಕ್ಷಣೆ ಕೊಡುವ ಭಾಗ ಮೊದಲ ದಿನವೇ ಜಾರಿ.

ಮಂಡ್ಯದ ಮಟ್ಟಿಗೆ ಇದರ ಅರ್ಥ ಏನು? ವಿ.ಸಿ. ನಾಲೆಯ ಒಂದು ತೂಬಿನ ಹೂಳು ತೆಗೆದಿದ್ದಾರೆ ಅಂತ ಬಿಲ್ ಆಗಿದೆ, ಹೂಳು ಮಾತ್ರ ಅಲ್ಲೇ ಇದೆ ಎಂದುಕೊಳ್ಳಿ. ಯಾರ ಹೆಸರಿಗೆ ದುಡ್ಡು ಹೋಯಿತು, ಅಳತೆ ಪುಸ್ತಕಕ್ಕೆ ಸಹಿ ಹಾಕಿದ ಎಂಜಿನಿಯರ್ ಯಾರು ಅಂತ ಒಬ್ಬ ರೈತ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಕೇಳುತ್ತಾನೆ. ಪಂಚಾಯಿತಿಯಲ್ಲಿ ಮನೆ ಮಂಜೂರಾದವರ ಪಟ್ಟಿ ಕೇಳುತ್ತಾನೆ. ಎಲ್ಲದರಲ್ಲೂ ಯಾರದೋ ಹೆಸರು ಇದ್ದೇ ಇರುತ್ತದೆ, ಹೆಸರು ಇದ್ದ ಮೇಲೆ ವೈಯಕ್ತಿಕ ಮಾಹಿತಿ ಎಂದು ಹಿಂಬರಹ ಬರೆದು ಕಳಿಸುವುದು ಈಗ ಸಲೀಸು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎಂಬ 8(2) ಸೆಕ್ಷನ್ ಉಳಿದಿದೆ, ಸರ್ಕಾರ ಅದನ್ನೇ ಎತ್ತಿ ತೋರಿಸುತ್ತದೆ. ಆದರೆ ಆ ಹಿತ ದೊಡ್ಡದು ಎಂದು ತೂಗಿ ನೋಡುವವನು ಅದೇ ಕಚೇರಿಯ ಅಧಿಕಾರಿ. ಅವನು ಇಲ್ಲ ಅಂದರೆ ಮೇಲ್ಮನವಿ, ಅದಾದ ಮೇಲೆ ಬೆಂಗಳೂರಿನ ಮಾಹಿತಿ ಆಯೋಗ. ನಾಲೆಯಲ್ಲಿ ನೀರು ಬಿಡುವ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ.

ಸೊಸೈಟಿಯಲ್ಲಿ ಬೆರಳು ಒತ್ತುವ ಹೆಂಗಸಿಗೆ ಇಲ್ಲ ಎನ್ನುವ ಹಕ್ಕು ಸಿಗಲಿಲ್ಲ, ಬಿಲ್ಲಿಗೆ ಸಹಿ ಹಾಕಿದ ಅಧಿಕಾರಿಗೆ ಸಿಕ್ಕಿತು. 2017ರ ತೀರ್ಪಿನ ಯಾವ ಪುಟದಲ್ಲೂ ಇದಕ್ಕೆ ಆಧಾರ ಇಲ್ಲ. ಸಂಸತ್ತಿಗೆ ಕೊಡುವ ಮಾಹಿತಿಯನ್ನು ಜನರಿಗೂ ಕೊಡಬೇಕು ಎಂದಿದ್ದ ಹಳೆಯ ಸಾಲನ್ನು ಮಾಹಿತಿ ಹಕ್ಕು ಕಾಯ್ದೆಗೆ ಮತ್ತೆ ಸೇರಿಸಿ ಎಂದು ಮೈಸೂರಿನ, ಮಂಡ್ಯದ ಸಂಸದರನ್ನು ನಾವು ಹೆಸರು ಹಿಡಿದು ಕೇಳಬೇಕು. ಬರವಣಿಗೆಯಲ್ಲಿ ಕೇಳಬೇಕು, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಬೇಕು.